ಜಿಪುಣಿಯೊಬ್ಬಳ 2025ರ ವಿಡಿಯೋ ಗೇಮ್ ಪಟ್ಟಿ

2025ರ ಅತ್ಯುತ್ತಮ ವಿಡಿಯೋ ಗೇಮ್ ಯಾವುದೆಂದು ಜಗತ್ತು ತೀರ್ಮಾನಿಸಿ ಆಯಿತು. ಡಿಸೆಂಬರ್ 11ರಂದು ಲಾಸ್ ಏಂಜಲೀಸ್‌ನಲ್ಲಿ ನಡೆದ ‘ದಿ ಗೇಮ್ ಅವಾರ್ಡ್ಸ್’ ಸಮಾರಂಭದಲ್ಲಿ ‘ಕ್ಲೇರ್ ಆಬ್ಸ್ಕ್ಯೂರ್: ಎಕ್ಸ್‌ಪೆಡಿಷನ್ 33’ ಒಂಬತ್ತು ಪ್ರಶಸ್ತಿ ಬಾಚಿಕೊಂಡಿತು. ಅಲ್ಲಿ ಒಂದೇ ಆಟಕ್ಕೆ ಅಷ್ಟು ಪ್ರಶಸ್ತಿ ಹಿಂದೆಂದೂ ಬಂದದ್ದಿಲ್ಲ. ಫ್ರಾನ್ಸಿನ ಮೊಂಪೆಲಿಯೆ ಎಂಬ ಊರಿನಲ್ಲಿ ಕೂತು ಸ್ಯಾಂಡ್‌ಫಾಲ್ ಎಂಬ ಸಣ್ಣ ತಂಡ ಮಾಡಿದ ಆಟವಂತೆ, ತುಂಬಾ ಚೆನ್ನಾಗಿದೆಯಂತೆ. ‘ಅಂತೆ’ ಎನ್ನುತ್ತಿದ್ದೇನೆ, ಏಕೆಂದರೆ ನಾನು ಅದನ್ನು ಆಡಿಲ್ಲ. ಇನ್ನೆರಡು ವರ್ಷ ಆಡುವುದೂ ಇಲ್ಲ. ಅಮೆರಿಕದಲ್ಲಿ ಅದರ ಬೆಲೆ 50 ಡಾಲರ್. ಅದು ಸರಾಗವಾಗಿ ಓಡಲು ಬೇಕಾದ ಗ್ರಾಫಿಕ್ಸ್ ಕಾರ್ಡಿಗೆ ನನ್ನ ಇಡೀ ಲ್ಯಾಪ್‌ಟಾಪಿಗಿಂತ ಹೆಚ್ಚು ದುಡ್ಡು ಬೇಕು. ಬೆಲೆ ಇಳಿಯಲಿ, ಆಮೇಲೆ ನೋಡೋಣ. ಆಟ ಎಲ್ಲಿಗೂ ಓಡಿಹೋಗುವುದಿಲ್ಲ.

ನಾನು ಶಿವಮೊಗ್ಗದಲ್ಲಿ ಒಂದು ವಿಮಾ ಕಚೇರಿಯ ಕ್ಲೇಮ್ ವಿಭಾಗದಲ್ಲಿದ್ದೇನೆ. ವಯಸ್ಸು ನಲವತ್ತು ದಾಟಿದೆ. ಹಗಲೆಲ್ಲ ಬೈಕ್ ಅಪಘಾತ, ಸುಟ್ಟುಹೋದ ಅಂಗಡಿ, ಎಫ್‌ಐಆರ್ ಪ್ರತಿ, ಮರಣೋತ್ತರ ಪರೀಕ್ಷೆಯ ವರದಿ, ವಾರಸುದಾರರ ದೃಢೀಕರಣ ಪತ್ರ. ರಾತ್ರಿ ಊಟ ಮುಗಿದು ಪಾತ್ರೆ ತೊಳೆದಿಟ್ಟ ಮೇಲೆ ಒಂದಷ್ಟು ಹೊತ್ತು ವಿಡಿಯೋ ಗೇಮ್. ಅದೇ ಹೊತ್ತಿನಲ್ಲಿ ಧಾರಾವಾಹಿ ನೋಡುವವರನ್ನು ಯಾರೂ ಏನೂ ಕೇಳುವುದಿಲ್ಲ. ನನ್ನನ್ನು ಮಾತ್ರ ‘ಈ ವಯಸ್ಸಲ್ಲಿ ಇದೆಂಥ ಮಕ್ಕಳಾಟ’ ಎಂದು ಕೇಳುತ್ತಾರೆ. ಈ ಮಕ್ಕಳಾಟಕ್ಕೆ ನಾನು ವರ್ಷಕ್ಕೆ ಎತ್ತಿಡುವುದು ಮೂರು ಸಾವಿರ ರೂಪಾಯಿ. ಅದರಲ್ಲೂ ಉಳಿದರೆ ಸಂತೋಷ. ಯಂತ್ರ ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ರೀಫರ್ಬಿಶ್ಡ್ ಲ್ಯಾಪ್‌ಟಾಪ್. ಯಾವುದೋ ಕಂಪನಿಯವರು ನಾಲ್ಕೈದು ವರ್ಷ ದುಡಿಸಿಕೊಂಡು ಬಿಟ್ಟದ್ದು. ಮುಚ್ಚಳದ ಮೇಲೆ ಅವರ ಆಸ್ತಿ ಸಂಖ್ಯೆಯ ಚೀಟಿ ಅರ್ಧ ಕಿತ್ತುಹೋಗಿ ಇನ್ನೂ ಅಂಟಿಕೊಂಡಿದೆ. ಗ್ರಾಫಿಕ್ಸ್ ಕಾರ್ಡ್ ಪ್ರತ್ಯೇಕವಾಗಿ ಇಲ್ಲ, ರ‍್ಯಾಮ್ 8 ಜಿಬಿ.

ಅದನ್ನು 16 ಜಿಬಿ ಮಾಡಿಸೋಣ ಎಂದುಕೊಂಡೆ. ವರ್ಷದ ಕೊನೆಗೆ ರ‍್ಯಾಮ್ ಬೆಲೆಯೇ ಏರಿ ಕೂತಿತು. ಎಐ ಕಂಪನಿಗಳ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನೆಲ್ಲ ನುಂಗುತ್ತಿವೆ. ತಯಾರಕರಿಗೂ ಅತ್ತ ಕಡೆಯೇ ಲಾಭ. ಮನೆಬಳಕೆಯ ರ‍್ಯಾಮ್ ಮಾರುತ್ತಿದ್ದ ತನ್ನ ‘ಕ್ರೂಶಿಯಲ್’ ವ್ಯವಹಾರವನ್ನೇ ಮುಚ್ಚುವುದಾಗಿ ಅಮೆರಿಕದ ಮೈಕ್ರಾನ್ ಕಂಪನಿ ಡಿಸೆಂಬರಿನಲ್ಲಿ ಹೇಳಿಬಿಟ್ಟಿತು. ಇರುವ ಯಂತ್ರದಲ್ಲೇ ಓಡುವ ಆಟ ಹುಡುಕಿಕೊಳ್ಳುವುದು ಈಗ ಜಿಪುಣತನವಲ್ಲ, ಬೇರೆ ದಾರಿಯೇ ಇಲ್ಲ.

ವಿಡಿಯೋ ಗೇಮ್ ಎಂದರೆ ದುಬಾರಿ ಹವ್ಯಾಸ ಎಂಬ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಪ್ಲೇಸ್ಟೇಷನ್ 5 ಎಂಬ ಗೇಮ್ ಯಂತ್ರ ಕೊಳ್ಳಬೇಕೆಂದರೆ 2025ರಲ್ಲಿ ಐವತ್ತು ಸಾವಿರದ ಆಸುಪಾಸು, ಅದರ ಮೇಲೆ ದೊಡ್ಡ ಹೊಸ ಆಟವೊಂದಕ್ಕೆ ನಾಲ್ಕೈದು ಸಾವಿರ. 2025ರ ಜೂನ್ 5ರಂದು ಹೊರಬಂದ ನಿಂಟೆಂಡೊ ಸ್ವಿಚ್ 2 ಗೇಮ್ ಯಂತ್ರದ ಜೊತೆಗೆ ಬಂದ ‘ಮಾರಿಯೊ ಕಾರ್ಟ್ ವರ್ಲ್ಡ್’ ಆಟಕ್ಕೆ 80 ಡಾಲರ್ ಇಟ್ಟಾಗ ಅಮೆರಿಕದವರೇ ಹೌಹಾರಿದರು. ಆದರೆ ಇನ್ನೊಂದು ಮಾರುಕಟ್ಟೆಯೂ ಇದೆ. ಒಬ್ಬರೋ ಮೂವರೋ ಸೇರಿ ಮಾಡಿದ, ಹತ್ತು ಇಪ್ಪತ್ತು ಡಾಲರಿನ ‘ಇಂಡೀ’ ಆಟಗಳದ್ದು. ಕಂಪ್ಯೂಟರಿಗೆ ಇವನ್ನು ಮಾರುವ ಬಲು ದೊಡ್ಡ ಅಂಗಡಿ ‘ಸ್ಟೀಮ್’. 2015ರ ನವೆಂಬರಿನಿಂದ ಅಲ್ಲಿ ರೂಪಾಯಿಯಲ್ಲೇ ಬೆಲೆ ಕಾಣುತ್ತದೆ, ಈಗ ಯುಪಿಐನಲ್ಲೂ ದುಡ್ಡು ಕೊಡಬಹುದು. ಎಷ್ಟೋ ಸಣ್ಣ ತಯಾರಕರು ಭಾರತಕ್ಕೆಂದೇ ಬೆಲೆ ಇಳಿಸಿ ಇಡುತ್ತಾರೆ, ಡಾಲರನ್ನು ರೂಪಾಯಿಗೆ ಗುಣಿಸಿ ಬರುವ ಮೊತ್ತಕ್ಕಿಂತ ಅದು ಸಾಕಷ್ಟು ಕಡಿಮೆ. ದೊಡ್ಡ ಕಂಪನಿಗಳಿಗೆ ಆ ಔದಾರ್ಯ ಕಡಿಮೆ. ಅದರ ಮೇಲೆ ಜೂನ್ ಕೊನೆಯಲ್ಲೊಮ್ಮೆ, ಡಿಸೆಂಬರ್ ಕೊನೆಯಲ್ಲೊಮ್ಮೆ ದೊಡ್ಡ ಸೇಲ್. ಸೀಸನ್ ಮುಗಿಯುವಾಗ ಮಾವಿನಹಣ್ಣು ಕೊಳ್ಳುವವರ ಹಾಗೆ ನಾನು ಆಗಲೇ ಚೀಲ ಹಿಡಿದು ಹೊರಡುವುದು. ಹಣ್ಣಾದರೆ ಆ ಹೊತ್ತಿಗೆ ಅಷ್ಟಿಷ್ಟು ಕೊಳೆತಿರುತ್ತದೆ. ಆಟ ಹಾಗಲ್ಲ. ಬಿಡುಗಡೆಯ ದಿನ ಇದ್ದ ದೋಷಗಳನ್ನೆಲ್ಲ ಅಷ್ಟರಲ್ಲಿ ಸರಿಪಡಿಸಿ ಇನ್ನೂ ಚೊಕ್ಕ ಮಾಡಿರುತ್ತಾರೆ.

ಹಾಗೆ ಏಳು ವರ್ಷ ಹಳೆಯದಾದ ಮೇಲೆ ನನ್ನ ಕೈಸೇರಿದ ಆಟವೇ 2025ರಲ್ಲಿ ನಾನು ಆಡಿದ್ದರಲ್ಲೆಲ್ಲ ಶ್ರೇಷ್ಠ: ‘ರಿಟರ್ನ್ ಆಫ್ ದಿ ಒಬ್ರಾ ಡಿನ್’. ಲೂಕಸ್ ಪೋಪ್ ಎಂಬ, ಜಪಾನಿನಲ್ಲಿ ನೆಲೆಸಿರುವ ಅಮೆರಿಕನ್ನನೊಬ್ಬ ಹೆಚ್ಚುಕಡಿಮೆ ಒಬ್ಬನೇ ಕೂತು ಮಾಡಿ 2018ರ ಅಕ್ಟೋಬರಿನಲ್ಲಿ ಹೊರತಂದದ್ದು. ಕಥೆ ನಡೆಯುವುದು 1807ರಲ್ಲಿ. ಈಸ್ಟ್ ಇಂಡಿಯಾ ಕಂಪನಿಗೆ ಸರಕು ಸಾಗಿಸುತ್ತಿದ್ದ ‘ಒಬ್ರಾ ಡಿನ್’ ಎಂಬ ಹಡಗು ನಾಪತ್ತೆಯಾಗಿ ವರ್ಷಗಳಾದ ಮೇಲೆ ಒಂದು ದಿನ ಇಂಗ್ಲೆಂಡಿನ ಫಾಲ್ಮತ್ ಬಂದರಿಗೆ ತಾನಾಗಿ ತೇಲಿ ಬರುತ್ತದೆ. ಹಡಗಿನಲ್ಲಿ ಜೀವಂತ ಪಿಳ್ಳೆಯೂ ಇಲ್ಲ. ತನಿಖೆಗೆ ಕಂಪನಿ ಕಳಿಸುವುದು ಪೊಲೀಸರನ್ನಲ್ಲ, ವಿಮಾ ಪರಿಹಾರದ ಇನ್ಸ್‌ಪೆಕ್ಟರನ್ನು. ಆ ಇನ್ಸ್‌ಪೆಕ್ಟರ್ ನೀವು.

ನನಗೆ ನಗು ತಡೆಯಲಾಗಲಿಲ್ಲ. ಹಗಲು ಮಾಡುವ ಕೆಲಸವನ್ನೇ ರಾತ್ರಿ ದುಡ್ಡು ಕೊಟ್ಟು ಮಾಡಬೇಕು!

ಹಡಗಿನಲ್ಲಿದ್ದವರು ಅರವತ್ತು ಜನ. ಪ್ರತಿಯೊಬ್ಬರೂ ಯಾರು, ಏನಾದರು, ಸತ್ತಿದ್ದರೆ ಹೇಗೆ ಸತ್ತರು, ಕೊಂದವರು ಯಾರು ಎಂದು ಒಂದು ಪುಸ್ತಕದಲ್ಲಿ ತುಂಬಬೇಕು. ಕೈಯಲ್ಲೊಂದು ಮಾಂತ್ರಿಕ ಗಡಿಯಾರ. ಹೆಣದ ಮುಂದೆ ಅದನ್ನು ತೆರೆದರೆ ಮೊದಲು ಕತ್ತಲಲ್ಲಿ ದನಿಗಳು ಕೇಳುತ್ತವೆ: ಒಂದು ಕೂಗು, ಬಾಗಿಲು ಒಡೆಯುವ ಸದ್ದು, ಗುಂಡಿನ ಶಬ್ದ. ಆಮೇಲೆ ಆ ಮನುಷ್ಯ ಸತ್ತ ಕ್ಷಣ ಕಲ್ಲಿನಂತೆ ನಿಂತ ದೃಶ್ಯವಾಗಿ ತೆರೆದುಕೊಳ್ಳುತ್ತದೆ. ಹಾರಿದ ಕಟ್ಟಿಗೆಯ ಚೂರು ಗಾಳಿಯಲ್ಲೇ ನಿಂತಿರುತ್ತದೆ. ನೀವು ಅದರ ನಡುವೆ ಓಡಾಡಿ, ಯಾರ ಕೈಯಲ್ಲಿ ಏನಿದೆ, ಮೂಲೆಯಲ್ಲಿ ನಿಂತವನು ಯಾರು, ಅವನ ತಲೆಗೆ ಎಂಥ ಟೋಪಿ ಎಂದೆಲ್ಲ ನೋಡಬಹುದು. ಯಾರನ್ನೂ ಮಾತನಾಡಿಸುವ ಹಾಗಿಲ್ಲ, ಏನನ್ನೂ ಬದಲಿಸುವ ಹಾಗಿಲ್ಲ. ಚಿತ್ರಗಳೆಲ್ಲ ಹಳೆಯ ಮ್ಯಾಕಿಂಟಾಶ್ ಕಂಪ್ಯೂಟರಿನಂತೆ ಎರಡೇ ಬಣ್ಣದಲ್ಲಿ, ನೆರಳು ಕೂಡ ಬರೀ ಚುಕ್ಕೆಗಳಿಂದ ಆದದ್ದು. ನನ್ನ ಬಡ ಲ್ಯಾಪ್‌ಟಾಪು ಫ್ಯಾನನ್ನು ಜೋರು ಮಾಡದೆ ಇದನ್ನು ಓಡಿಸಿತು.

ಗುರುತು ಹಿಡಿಯುವುದರಲ್ಲೇ ಇರುವುದು ಸ್ವಾರಸ್ಯ. ಹಡಗಿನ ನೌಕರರ ಪಟ್ಟಿ ಸಿಗುತ್ತದೆ: ಕ್ರಮಸಂಖ್ಯೆ, ಹೆಸರು, ಹುದ್ದೆ, ದೇಶ. ಚಿತ್ರಗಾರನೊಬ್ಬ ಬರೆದ ಗುಂಪುಚಿತ್ರಗಳೂ ಸಿಗುತ್ತವೆ, ಮುಖ ಮಾತ್ರ ಇದೆ, ಹೆಸರಿಲ್ಲ. ಮುಖಕ್ಕೆ ಹೆಸರು ಹೊಂದಿಸುವುದು ನಿಮ್ಮ ಕೆಲಸ. ಒಂದು ದೃಶ್ಯದಲ್ಲಿ ನಾವಿಕರು ಮಲಗುವ ಬಟ್ಟೆಯ ತೂಗುಮಂಚಗಳು ಸಾಲಾಗಿ ಇಳಿಬಿದ್ದಿರುತ್ತವೆ. ಅವುಗಳ ಮೇಲೆ ಸಣ್ಣ ಸಂಖ್ಯೆಯ ಬಿಲ್ಲೆ. ಆ ಸಂಖ್ಯೆ ನೌಕರರ ಪಟ್ಟಿಯ ಕ್ರಮಸಂಖ್ಯೆಯೇ ಎಂದು ಹೊಳೆದಾಗ, ಫೈಲಿನ ಯಾವುದೋ ಹಾಳೆಯ ಹಿಂಭಾಗದಲ್ಲಿ ಬೇಕಾದ ಸಹಿ ಸಿಕ್ಕಿದಷ್ಟೇ ಖುಷಿಯಾಯಿತು. ಮೂವರ ವಿವರ ಸರಿಯಾದ ಮೇಲಷ್ಟೇ ಆಟ ‘ಸರಿ’ ಎನ್ನುತ್ತದೆ. ಹಾಗಾಗಿ ಒಂದೊಂದನ್ನೇ ಊಹೆಯಲ್ಲಿ ತುಂಬಿ ಪಾಸಾಗುವ ಹುನ್ನಾರ ನಡೆಯುವುದಿಲ್ಲ. ಸಾವಿನ ಕಾರಣಕ್ಕೂ ಉದ್ದನೆಯ ಪಟ್ಟಿ: ಗುಂಡೇಟು, ಇರಿತ, ಮುಳುಗಿ, ಕಾಯಿಲೆಯಿಂದ, ಸರಕಿನಡಿ ಸಿಕ್ಕಿ. ನಮ್ಮ ಕ್ಲೇಮ್ ಫಾರಂನಲ್ಲೂ ಇಷ್ಟೊಂದು ಆಯ್ಕೆ ಇಲ್ಲ.

ಪಟ್ಟಿಯಲ್ಲಿ ಭಾರತೀಯರಿದ್ದಾರೆ. ಕಂಪನಿಯ ಹಡಗುಗಳಲ್ಲಿ ನಮ್ಮ ಕಡೆಯ ಖಲಾಸಿಗಳು ದುಡಿದದ್ದು ಚರಿತ್ರೆಯೇ. ಆಟದ ಪ್ರಯಾಣ ಶುರುವಾಗಿ ಹೆಚ್ಚು ದಿನವಾಗುವ ಮೊದಲೇ ಇಬ್ಬರು ಭಾರತೀಯ ನಾವಿಕರು ಕಾಯಿಲೆ ಬಿದ್ದು ಸಾಯುತ್ತಾರೆ. ಕೊಲೆಯಿಲ್ಲ, ಸಾಹಸವಿಲ್ಲ, ಕಥೆಯಲ್ಲಿ ಅವರಿಗೆ ಅಷ್ಟೇ ಜಾಗ. ಆದರೂ ಅವರ ಹೆಸರು ತುಂಬದೆ ನಿಮ್ಮ ಪುಸ್ತಕ ಮುಗಿಯುವುದಿಲ್ಲ. ಎಲ್ಲ ತುಂಬಿ ಕಳಿಸಿದ ಮೇಲೆ ಕಂಪನಿಯ ಲೆಕ್ಕ ಬರುತ್ತದೆ, ಇಂಥವನ ವಾರಸುದಾರರಿಗೆ ಪರಿಹಾರ, ಕೊಲೆ ಮಾಡಿದ ಇಂಥವನ ಆಸ್ತಿಯ ಮೇಲೆ ದಂಡ ಎಂದು. ನಾನು ಆ ಹಾಳೆಯನ್ನು ಕಚೇರಿಯ ಅಭ್ಯಾಸದಂತೆ ಸಾಲುಸಾಲಾಗಿ ಓದಿದೆ. ಹಿಂದಿನಿಂದ ಬಂದ ಅಮ್ಮ ಪರದೆ ನೋಡಿ, ‘ಏನೇ ಇದು, ರಾತ್ರಿ ಹೊತ್ತು ಹೆಣ ಎಣಿಸ್ತಾ ಕೂತಿದೀಯಲ್ಲೆ’ ಎಂದರು. ‘ಹಗಲೂ ಅದೇ ಅಲ್ವೇನಮ್ಮಾ’ ಎಂದೆ.

ಇದೇ ಪೋಪ್ 2013ರಲ್ಲಿ ಮಾಡಿದ ‘ಪೇಪರ್ಸ್, ಪ್ಲೀಸ್’ ಕೂಡ ಗುಮಾಸ್ತರ ಆಟವೇ. ಆರ್ಸ್ಟೊಟ್ಜ್ಕಾ ಎಂಬ ಕಲ್ಪಿತ ದೇಶದ ಗಡಿ ಠಾಣೆಯಲ್ಲಿ ನೀವು ದಾಖಲೆ ಪರಿಶೀಲಕ. ಪಾಸ್‌ಪೋರ್ಟಿನ ಊರು, ದಿನಾಂಕ, ಮುದ್ರೆ, ಫೋಟೊ ತಾಳೆ ನೋಡಿ ಹಸಿರು ಠಸ್ಸೆಯನ್ನೋ ಕೆಂಪು ಠಸ್ಸೆಯನ್ನೋ ಒತ್ತಬೇಕು. ತಲೆಗೆ ಇಷ್ಟು ಎಂದು ಸಂಬಳ. ಮೊದಲೆರಡು ತಪ್ಪಿಗೆ ಎಚ್ಚರಿಕೆ, ಆಮೇಲೆ ದಂಡ. ಸಂಜೆ ಮನೆ ಬಾಡಿಗೆ ಕಳೆದ ಮೇಲೆ ಊಟ, ಚಳಿಗೆ ಬೆಂಕಿಯ ಖರ್ಚು, ಮಗನಿಗೆ ಔಷಧಿ, ಈ ಮೂರರಲ್ಲಿ ಯಾವುದನ್ನು ಬಿಡುವುದು ಎಂಬ ಲೆಕ್ಕ. ಗಂಡನ ದಾಖಲೆ ಸರಿಯಿದ್ದು ಹೆಂಡತಿಯದು ಕೊರತೆಯಾದಾಗ ಏನು ಮಾಡುತ್ತೀರಿ? ಬಿಟ್ಟರೆ ನಿಮ್ಮ ಮಗನ ಔಷಧಿಗೆ ಸಂಚಕಾರ. ಸರ್ಕಾರಿ ಕೌಂಟರಿನ ಈಚೆ ನಿಂತು ಬೈಯುವವರೆಲ್ಲ ಒಮ್ಮೆ ಆಚೆ ಕೂತು ನೋಡಬೇಕಾದ ಆಟ. ಹಾಗೆಂದು ಕೌಂಟರಿನವರನ್ನು ಪೂರ್ತಿ ಬಿಟ್ಟುಕೊಡುವುದೂ ಇಲ್ಲ, ಲಂಚ ತೆಗೆದುಕೊಳ್ಳುವ ಆಯ್ಕೆಯೂ ಅಲ್ಲೇ ಇದೆ! 10 ಡಾಲರಿನ ಆಟ, 2022ರಿಂದ ಮೊಬೈಲಿನಲ್ಲೂ ಸಿಗುತ್ತದೆ.

ಮೊಬೈಲಿನಲ್ಲಿ ನಾನು ವರ್ಷವಿಡೀ ಆಡಿದ್ದು ‘ಬಲಾಟ್ರೊ’. ಕೆನಡಾದ ಸಸ್ಕಾಚುವಾನ್ ಪ್ರಾಂತ್ಯದ ಒಬ್ಬ ವ್ಯಕ್ತಿ, ನಿಜ ಹೆಸರು ಹೇಳದೆ ‘ಲೋಕಲ್‌ಥಂಕ್’ ಎಂಬ ಹೆಸರಿನಲ್ಲಿ ಮಾಡಿದ ಇಸ್ಪೀಟಿನ ಆಟ. 2024ರ ಫೆಬ್ರವರಿಯಲ್ಲಿ ಬಂದು ಮೊದಲ ತಿಂಗಳಲ್ಲೇ 10 ಲಕ್ಷ, 2025ರ ಜನವರಿ ಹೊತ್ತಿಗೆ 50 ಲಕ್ಷ ಪ್ರತಿ ಮಾರಾಟವಾಯಿತು. ಮೊಬೈಲಿನಲ್ಲಿ ಬೆಲೆ 10 ಡಾಲರ್. ಒಮ್ಮೆ ಕೊಟ್ಟರೆ ಮುಗಿಯಿತು, ಜಾಹೀರಾತು ಇಲ್ಲ, ಮತ್ತೆ ಕೈಚಾಚುವುದಿಲ್ಲ.

ಮದುವೆಮನೆಯಲ್ಲಿ ರಾತ್ರಿ ಕಂಬಳಿ ಹಾಸಿ ರಮ್ಮಿ ಆಡಿದವರಿಗೆ ಇದು ಹತ್ತು ನಿಮಿಷದಲ್ಲಿ ಹಿಡಿತಕ್ಕೆ ಬರುತ್ತದೆ. ಕೈಯಲ್ಲಿ ಎಂಟು ಎಲೆ. ಜೋಡಿ, ಒಂದೇ ಬಣ್ಣ, ಸಾಲು ಹೀಗೆ ಕೂಡಿಸಿ ಇಳಿಸಬೇಕು. ಎರಡು ರಾಜ ಇಳಿಸಿದಿರಿ ಎನ್ನಿ: ಜೋಡಿಗೆ 10 ಅಂಕ, ರಾಜನಿಗೆ ಹತ್ತತ್ತು, ಒಟ್ಟು 30. ಜೋಡಿಯ ಗುಣಕ 2. ಬಂದದ್ದು 60. ಮೊದಲ ಸುತ್ತು ಗೆಲ್ಲಲು 300 ಬೇಕು. ಇಲ್ಲಿ ಬರುತ್ತಾರೆ ಜೋಕರುಗಳು, ಒಟ್ಟು 150 ಬಗೆ. ತೀರಾ ಸಾಮಾನ್ಯ ಜೋಕರ್ ಕೂಡ ಗುಣಕಕ್ಕೆ 4 ಸೇರಿಸುತ್ತಾನೆ. ಈಗ ಅದೇ ಎರಡು ರಾಜರಿಗೆ 30 ಗುಣಿಸು 6, ಅಂದರೆ 180. ಇನ್ನೊಬ್ಬ ಜೋಕರ್ ರಾಜ-ರಾಣಿ-ಗುಲಾಮರಿಗೆ ಹೆಚ್ಚು ಅಂಕ ಕೊಡುತ್ತಾನೆ, ಮತ್ತೊಬ್ಬ ಗುಣಕವನ್ನೇ ಗುಣಿಸುತ್ತಾನೆ. ಐದು ಜೋಕರುಗಳನ್ನು ಹೊಂದಿಸಿ ನಿಲ್ಲಿಸಿದರೆ ಅದೇ ಬಡ ಜೋಡಿ ಲಕ್ಷ ದಾಟುತ್ತದೆ. ಅಂಕ ಏರುವಾಗ ಬೆಂಕಿ ಹತ್ತಿಕೊಳ್ಳುವುದನ್ನು ನೋಡುವುದೇ ಒಂದು ಚಟ. ಬಸ್ಸಿನಲ್ಲಿ ಸ್ಟಾಪ್ ದಾಟಿಹೋಗುವ ಅಪಾಯವಿದೆ, ಎಚ್ಚರ.

ಇಸ್ಪೀಟು ಎಂದ ಕೂಡಲೇ ಹುಬ್ಬೇರಿಸುವವರಿಗೆ ಒಂದು ಮಾತು. ಇದರಲ್ಲಿ ದುಡ್ಡು ಕಟ್ಟುವ ಬಾಬತ್ತೇ ಇಲ್ಲ. ಯುರೋಪಿನ ವಯೋಮಿತಿ ಮಂಡಳಿಯವರು ಇದಕ್ಕೆ ‘18ರ ಮೇಲ್ಪಟ್ಟವರಿಗೆ’ ಎಂದು ಚೀಟಿ ಅಂಟಿಸಿದ್ದರು. ಮೇಲ್ಮನವಿಯ ನಂತರ 2025ರ ಫೆಬ್ರವರಿಯಲ್ಲಿ 12ಕ್ಕೆ ಇಳಿಸಿದರು. ಮಾಡಿದವನಂತೂ ಜೂಜಿನ ಕಡುವೈರಿ. ತಾನು ಸತ್ತ ಮೇಲೂ ‘ಬಲಾಟ್ರೊ’ದ ಹಕ್ಕನ್ನು ಯಾವ ಜೂಜಿನ ಕಂಪನಿಗೂ ಕ್ಯಾಸಿನೊಗೂ ಮಾರಕೂಡದೆಂದು ಉಯಿಲಿನಲ್ಲಿ ಬರೆಸಿಟ್ಟಿದ್ದಾನೆ. ನಾಮಿನಿ ಹೆಸರು ಬರೆಯಿರಿ ಎಂದು ಜನರ ಕಾಲು ಹಿಡಿಯುವ ಕೆಲಸದವಳಿಗೆ ಆ ಮನುಷ್ಯನ ಮೇಲೆ ಗೌರವ ಬಾರದೆ ಇದ್ದೀತೆ?

ನಮ್ಮಲ್ಲಿ ಈ ಜೂಜಿನ ವಿಷಯ 2025ರಲ್ಲಿ ದೊಡ್ಡ ಸುದ್ದಿಯೇ ಆಯಿತು. ಕರ್ನಾಟಕ 2021ರಲ್ಲೇ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಜೂಜನ್ನು ನಿಷೇಧಿಸಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ರದ್ದುಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ಕಾನೂನು ಮಾಡಿತು. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳಿಗೆ ನಿಷೇಧ, ಇ-ಸ್ಪೋರ್ಟ್ಸ್ ಮತ್ತು ಮನರಂಜನೆಯ ಆಟಗಳಿಗೆ ಬೇರೆಯೇ ವರ್ಗ. ಕ್ರಿಕೆಟ್ ಪಂದ್ಯದ ನಡುವೆ ನಟರೂ ಆಟಗಾರರೂ ಬಂದು ರಮ್ಮಿ ಆಡಿ ಎನ್ನುತ್ತಿದ್ದ ಜಾಹೀರಾತುಗಳು ನಿಂತವು. ಆದರೆ ಕಾನೂನಿನ ಬಲೆಗೆ ಬೀಳದ ಇನ್ನೊಂದು ಬಗೆಯ ಖರ್ಚಿದೆ, ‘ಉಚಿತ’ ಆಟದ ಖರ್ಚು.

ಇದರ ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ಒಮ್ಮೆ ತಿಳಿದರೆ ಸಾಕು. ‘ಕ್ಯಾಂಡಿ ಕ್ರಷ್’ ನೋಡಿ. ಐದು ಜೀವ ಕೊಡುತ್ತಾರೆ. ಸೋತರೆ ಒಂದು ಹೋಯಿತು, ಮತ್ತೆ ಬರಲು ಅರ್ಧ ಗಂಟೆ. ಕಾಯಲಾರದವರು ದುಡ್ಡು ಕೊಡಬಹುದು. ಕಾಯುವ ಬೇಸರವನ್ನು ತಾವೇ ಹುಟ್ಟಿಸಿ, ಅದಕ್ಕೆ ಔಷಧಿಯನ್ನೂ ತಾವೇ ಮಾರುವ ವ್ಯಾಪಾರ. ಬೇರೆ ಆಟಗಳಲ್ಲಿ ರೂಪಾಯಿಯನ್ನು ಮೊದಲು ವಜ್ರವೋ ನಾಣ್ಯವೋ ಆಗಿ ಬದಲಿಸಿಕೊಳ್ಳಬೇಕು. ವಜ್ರ ಖರ್ಚಾಗುವಾಗ ರೂಪಾಯಿ ಕಣ್ಣಿಗೆ ಬೀಳುವುದಿಲ್ಲ. ಪೊಟ್ಟಣದಲ್ಲಿ ನೂರು ವಜ್ರ, ಬೇಕಾದ ವಸ್ತುವಿಗೆ ನೂರಿಪ್ಪತ್ತು, ಹಾಗಾಗಿ ಎರಡು ಪೊಟ್ಟಣ. ನಮ್ಮ ಕಚೇರಿಯಲ್ಲಿ ಒಬ್ಬರು ಊಟದ ಬಿಡುವಿನಲ್ಲಿ ಹೀಗೆ ಆಗೊಂದು ಎಂಬತ್ತು, ಈಗೊಂದು ನೂರೈವತ್ತು ಎಂದು ಕಟ್ಟುತ್ತಿದ್ದರು. ಅವರ ಯುಪಿಐ ಲೆಕ್ಕವನ್ನು ಕೂಡಿಸಿ ಕೊಟ್ಟವಳು ನಾನೇ. ಮೊತ್ತ ನನ್ನ ಇಡೀ ವರ್ಷದ ಬಜೆಟ್ಟಿನ ಎರಡರಷ್ಟಿತ್ತು. ನನ್ನನ್ನು ‘ಆಟಕ್ಕೆಲ್ಲ ದುಡ್ಡು ಕೊಟ್ಟು ತಗೋತೀರಲ್ಲ ಮೇಡಂ’ ಎಂದು ಹಂಗಿಸುತ್ತಿದ್ದವರೂ ಅವರೇ.

‘ಗಂಟೆಗೆ ಎಷ್ಟು ರೂಪಾಯಿ ಬಿತ್ತು’ ಎಂದು ಆಟವನ್ನು ಅಳೆಯುವವರಿದ್ದಾರೆ, ಗೇಮರುಗಳ ನಡುವೆ ಇದು ಜನಪ್ರಿಯ ಲೆಕ್ಕ. ನನಗೆ ಒಪ್ಪಿಗೆಯಿಲ್ಲ. ಆ ಲೆಕ್ಕದಲ್ಲಿ ‘ಒಬ್ರಾ ಡಿನ್’ ದುಬಾರಿ, ಹತ್ತು ಗಂಟೆ ಚಿಲ್ಲರೆಯಲ್ಲಿ ಮುಗಿದೇಹೋಗುತ್ತದೆ. ಸಾವಿರ ಗಂಟೆ ತಿನ್ನುವ ಉಚಿತ ಆಟವೇ ಅಗ್ಗ. ಮನೆ, ಕಚೇರಿ ಎರಡನ್ನೂ ತೂಗಿಸುವವಳಿಗೆ ಗಂಟೆಯೇ ದುಬಾರಿ ಸರಕು. ದುಡ್ಡು ಒಂದೇ ಸಲ ಕೇಳಬೇಕು, ಮುಗಿಯುವಂಥದ್ದಾಗಿರಬೇಕು ಅಥವಾ ಯಾವಾಗ ಬೇಕಾದರೂ ಮುಚ್ಚಿಡುವಂಥದ್ದಾಗಿರಬೇಕು. ನಾನು ನೋಡುವುದು ಇಷ್ಟನ್ನೇ.

ನಿಜವಾಗಿಯೂ ಪುಕ್ಕಟೆಯಾಗಿ ಸಿಗುವುದೂ ಇದೆ. ‘ಎಪಿಕ್ ಗೇಮ್ಸ್ ಸ್ಟೋರ್’ 2018ರ ಡಿಸೆಂಬರಿನಿಂದ ಆಟಗಳನ್ನು ಸರದಿಯಂತೆ ಬಿಟ್ಟಿ ಕೊಡುತ್ತಾ ಬಂದಿದೆ. ಈಗ ವಾರವಾರವೂ ಕೊಡುತ್ತದೆ. ಖಾತೆಗೆ ಸೇರಿಸಿಕೊಂಡರೆ ಶಾಶ್ವತವಾಗಿ ನಿಮ್ಮದು. 2020ರ ಮೇ ತಿಂಗಳಿನಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೊ 5’ ಕೊಟ್ಟಾಗ ನುಗ್ಗಿದ ಜನಕ್ಕೆ ಅವರ ಅಂಗಡಿಯ ಸರ್ವರೇ ಕುಸಿದುಬಿದ್ದಿತ್ತು. ನಮ್ಮ ಗಡಿಯಾರದಲ್ಲಿ ಗುರುವಾರ ರಾತ್ರಿ ಎಂಟೂವರೆಗೆ, ಚಳಿಗಾಲದಲ್ಲಿ ಒಂಬತ್ತೂವರೆಗೆ ಹೊಸ ಆಟ ಬರುತ್ತದೆ. ಗುರುವಾರ ರಾಯರ ಮಠಕ್ಕೆ ಹೋಗಿಬಂದು ಇದನ್ನೊಂದು ಒತ್ತಿ ಮಲಗುವುದು ನನ್ನ ರೂಢಿ. ಬಂದದ್ದರಲ್ಲಿ ಮುಕ್ಕಾಲು ಪಾಲು ಆಡಿಲ್ಲ, ಆಡುವುದೂ ಇಲ್ಲ. ಬಿಟ್ಟಿ ಸಿಕ್ಕಿದ್ದನ್ನೆಲ್ಲ ತಿನ್ನಬೇಕೆಂದಿಲ್ಲವಲ್ಲ.

‘ಸ್ಟಾರ್‌ಡ್ಯೂ ವ್ಯಾಲಿ’ಯನ್ನು ಎಲ್ಲರೂ ಹೊಗಳುತ್ತಾರೆ. ಎರಿಕ್ ಬ್ಯಾರೋನ್ ಎಂಬ ಯುವಕ ಸಿಯಾಟಲ್‌ನ ರಂಗಮಂದಿರವೊಂದರಲ್ಲಿ ಪ್ರೇಕ್ಷಕರಿಗೆ ಸೀಟು ತೋರಿಸುವ ಕೆಲಸ ಮಾಡುತ್ತಾ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬನೇ ಕೂತು ಮಾಡಿದ ಕೃಷಿ ಆಟ. 2016ರಲ್ಲಿ ಬಂದು ನಾಲ್ಕು ಕೋಟಿಗೂ ಹೆಚ್ಚು ಮಾರಾಟವಾಗಿದೆ. ಆಮೇಲಿನ ಪರಿಷ್ಕರಣೆಗಳಿಗೆ ಒಂದು ಪೈಸೆ ಕೇಳಿಲ್ಲ. ಹಾಕಿದ ದುಡ್ಡಿಗೆ ಇದಕ್ಕಿಂತ ನಿಯತ್ತಿನ ಆಟ ಸಿಗಲಾರದು. ಆದರೆ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದ ನನಗೆ ಒಗ್ಗಲಿಲ್ಲ. ಬೆಳೆದದ್ದನ್ನು ಮನೆ ಮುಂದಿನ ಪೆಟ್ಟಿಗೆಗೆ ಹಾಕಿದರೆ ಬೆಳಗ್ಗೆ ದುಡ್ಡು ಬಂದಿರುತ್ತದೆ, ಧಾರಣೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಕೊಳೆರೋಗವಿಲ್ಲ, ಮಂಡಿಯವರ ಮುಖ ನೋಡಬೇಕಾಗಿಲ್ಲ. ಅಪ್ಪನಿಗೆ ಇಂಥ ತೋಟ ಸಿಕ್ಕಿದ್ದರೆ ನನ್ನನ್ನು ನೌಕರಿಗೆ ಕಳಿಸುತ್ತಿರಲಿಲ್ಲ.

2025ರಲ್ಲೇ ಬಂದ ಎರಡು ಆಟಗಳನ್ನು ಆಡಲು ಸಾಧ್ಯವಾದದ್ದು ನಮ್ಮ ಮನೆಯಲ್ಲಿದ್ದು ಎಂಜಿನಿಯರಿಂಗ್ ಓದುವ ಅಣ್ಣನ ಮಗನಿಂದ. ಒಂದೇ ಮನೆಯಲ್ಲಿರುವ ಆರು ಜನರವರೆಗೆ ಸ್ಟೀಮ್‌ನಲ್ಲಿ ಆಟಗಳನ್ನು ಹಂಚಿಕೊಳ್ಳಬಹುದು. ಒಂದೇ ಪ್ರತಿಯನ್ನು ಒಂದೇ ಹೊತ್ತಿನಲ್ಲಿ ಇಬ್ಬರು ಆಡುವಂತಿಲ್ಲ, ಅಷ್ಟೇ. ಅವನು ಕೊಂಡದ್ದು ‘ಹಾಲೊ ನೈಟ್: ಸಿಲ್ಕ್‌ಸಾಂಗ್’. ಆಸ್ಟ್ರೇಲಿಯಾದ ಅಡಿಲೇಡಿನ ಟೀಮ್ ಚೆರಿ ಎಂಬ ಪುಟ್ಟ ತಂಡ 2019ರಲ್ಲಿ ಘೋಷಿಸಿ, ಜನರನ್ನು ಆರು ವರ್ಷ ಕಾಯಿಸಿ, 2025ರ ಸೆಪ್ಟೆಂಬರ್ 4ರಂದು ಬಿಟ್ಟ ಆಟ. ಮುಗಿಬಿದ್ದ ಜನಕ್ಕೆ ಸ್ಟೀಮ್ ಸೇರಿದಂತೆ ಅಂಗಡಿಗಳೇ ಸ್ತಬ್ಧವಾದವು. ಅವರು 60 ಡಾಲರ್ ಇಟ್ಟಿದ್ದರೂ ಕೊಳ್ಳುವವರಿದ್ದರು, ಇಟ್ಟದ್ದು 20. ಆ ಸಜ್ಜನಿಕೆಗೆ ನಮಸ್ಕಾರ. ಕೈಯಿಂದ ಬರೆದ ಚಿತ್ರಗಳು, ಸೂಜಿ ಹಿಡಿದ ಕೀಟ ಕನ್ಯೆ, ಸಂಗೀತ ಎಲ್ಲವೂ ಚೆಂದ. ಆದರೆ ಕಷ್ಟ! ಬೆರಳು ಇಪ್ಪತ್ತರ ವಯಸ್ಸಿನದ್ದಿರಬೇಕು. ನನ್ನಂಥವರು 2017ರ ಮೊದಲ ‘ಹಾಲೊ ನೈಟ್’ ಕೊಳ್ಳುವುದು ಮೇಲು. ಅದು ಇನ್ನೂ ಅಗ್ಗ, ಸ್ವಲ್ಪ ಕರುಣೆಯೂ ಇದೆ.

ಇನ್ನೊಂದು ‘ಪೀಕ್’. ಜೂನಿನಲ್ಲಿ ಬಂದದ್ದು, 8 ಡಾಲರ್, ವಾರ ತುಂಬುವ ಮೊದಲೇ 10 ಲಕ್ಷ ಮಾರಾಟ. ನಾಲ್ಕು ಜನ ಸೇರಿ ಬೆಟ್ಟ ಹತ್ತಬೇಕು. ನನ್ನ ಲ್ಯಾಪ್‌ಟಾಪಿನಲ್ಲಿ ಇದು ಏಳಲಿಲ್ಲ, ಹುಡುಗನ ಯಂತ್ರದಲ್ಲಿ ಅವನ ಗೆಳೆಯರ ಜೊತೆ ಆಡಿದೆ. ಪರದೆಯ ಕೆಳಗೆ ಶಕ್ತಿಯ ಒಂದು ಪಟ್ಟಿ. ಹಸಿವಾದರೆ ಅದರ ಒಂದು ತುದಿಯನ್ನು ಹಸಿವು ತಿನ್ನುತ್ತದೆ, ಬಿದ್ದರೆ ಗಾಯ ತಿನ್ನುತ್ತದೆ, ಬೆನ್ನ ಚೀಲ ಭಾರವಾದರೆ ಭಾರವೂ ತಿನ್ನುತ್ತದೆ. ಉಳಿದಷ್ಟರಲ್ಲಿ ಹತ್ತಬೇಕು. ಜೊತೆಗಾರರ ದನಿ ಹತ್ತಿರವಿದ್ದರೆ ಜೋರು, ದೂರ ಹೋದಂತೆ ಸಣ್ಣ. ಹಾಗಾಗಿ ಯಾರಾದರೂ ಜಾರಿದರೆ ಅವರ ಕೂಗು ನಿಜಕ್ಕೂ ಕೆಳಕೆಳಗೆ ಹೋಗುತ್ತದೆ. ‘ಅತ್ತೇ, ಕೈ ಕೊಡಿ, ಕೈ ಕೊಡೀ...’ ಎನ್ನುತ್ತಲೇ ಒಬ್ಬ ಹುಡುಗ ಮಾಯವಾದ. ನಾನು ಆಗ ಚೀಲದಲ್ಲಿ ತಿಂಡಿ ಹುಡುಕುತ್ತಿದ್ದೆ. ಸತ್ತವರು ದೆವ್ವವಾಗಿ ಉಳಿದವರ ಹಿಂದೆ ಅಲೆಯುತ್ತಾ ಬುದ್ಧಿ ಹೇಳಬಹುದು. ಆ ಹುಡುಗ ಆ ಹಕ್ಕನ್ನು ಧಾರಾಳವಾಗಿ ಬಳಸಿಕೊಂಡ.

ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ಟಿವಿ ಗೇಮಿನ ಹಳದಿ ಕ್ಯಾಸೆಟ್ಟು ನೆನಪಿರಬಹುದು. ಮೇಲೆ ‘9999 ಇನ್ 1’ ಎಂದು ಬರೆದಿದ್ದು, ಒಳಗೆ ಅವೇ ಮಾರಿಯೊ, ಕಾಂಟ್ರಾಗಳು ಹೆಸರು ಬದಲಿಸಿ ಬರುತ್ತಿದ್ದವು. 2024ರ ‘ಯುಎಫ್‌ಒ 50’ ಆ ಹಳೆಯ ಮೋಸಕ್ಕೆ ಪ್ರಾಯಶ್ಚಿತ್ತ ಎನ್ನಬಹುದು. ಎಂಬತ್ತರ ದಶಕದಲ್ಲಿದ್ದ ಒಂದು ಕಲ್ಪಿತ ಕಂಪನಿಯ ಹೆಸರಿನಲ್ಲಿ ನಿಜಕ್ಕೂ ಐವತ್ತು ಬೇರೆ ಬೇರೆ ಆಟಗಳು, 25 ಡಾಲರಿಗೆ. ಎಲ್ಲವೂ ಒಂದೇ ಮಟ್ಟದಲ್ಲಿಲ್ಲ. ಹತ್ತು ಹನ್ನೆರಡು ಮೆಚ್ಚಿದರೂ ದುಡ್ಡು ಹುಟ್ಟಿದಂತೆಯೇ.

ಒಂದು ಕೊರಗು. ಇಲ್ಲಿ ಹೆಸರಿಸಿ ಹೊಗಳಿದ ಆಟಗಳಲ್ಲಿ ಒಂದರಲ್ಲೂ ಕನ್ನಡವಿಲ್ಲ. ‘ಒಬ್ರಾ ಡಿನ್’ನಲ್ಲಂತೂ ಮಾತಿನ ಧಾಟಿಯಿಂದಲೇ ಯಾರು ಯಾವ ನಾಡಿನವರೆಂದು ಪತ್ತೆಮಾಡಬೇಕು, ಇಂಗ್ಲಿಷ್ ಸಲೀಸಾಗಿ ಬರದ ನನ್ನ ಅಕ್ಕನಿಗೆ ಅದನ್ನು ಆಡಿಸಲಾಗಲಿಲ್ಲ. ಭಾರತದ ಗೇಮ್ ಉದ್ಯಮ ಬೇರೂರಿದ್ದೇ ಬೆಂಗಳೂರಿನಲ್ಲಿ. 1997ರಲ್ಲಿ ಅಲ್ಲಿ ಹುಟ್ಟಿದ ಧ್ರುವ ಇಂಟರ್‌ಆಕ್ಟಿವ್ ಹೊರದೇಶದ ದೊಡ್ಡ ಆಟಗಳಿಗೆ ಚಿತ್ರ ಬರೆದುಕೊಟ್ಟು ಬೆಳೆಯಿತು. 2019ರಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೊ’ ಮಾಡುವ ರಾಕ್‌ಸ್ಟಾರ್ ಕಂಪನಿ ಅದನ್ನು ಕೊಂಡಿತು. ಊರಿಗೆಲ್ಲ ಆಟ ಮಾಡಿಕೊಡುವ ಊರಿನ ಭಾಷೆಯಲ್ಲಿ ಇಂಥ ಒಂದು ಹತ್ತು ಡಾಲರಿನ ಆಟ ಬರಲಿ. ಪೂರ್ತಿ ಬೆಲೆ ಕೊಟ್ಟು, ಸೇಲಿಗೆ ಕಾಯದೆ, ಮೊದಲ ದಿನವೇ ಕೊಳ್ಳುತ್ತೇನೆ.

ಈ ಲೇಖನ ಓದಿ ಯಾರಿಗಾದರೂ ಒಂದು ಕೈ ನೋಡೋಣ ಎನ್ನಿಸಿದರೆ ‘ಒಬ್ರಾ ಡಿನ್’ ಅಥವಾ ‘ಬಲಾಟ್ರೊ’ದಿಂದ ಶುರುಮಾಡಿ. ಪತ್ತೇದಾರಿ ಕಾದಂಬರಿ ಓದುವವರಿಗೆ ಮೊದಲನೆಯದು, ಇಸ್ಪೀಟಿನವರಿಗೆ ಎರಡನೆಯದು. ಕೊಳ್ಳುವ ಮುನ್ನ ಆಟದ ಪುಟದ ಕೆಳಗೆ ಬರೆದಿರುವ ಯಂತ್ರದ ಅಗತ್ಯಗಳನ್ನು ನಿಮ್ಮ ಕಂಪ್ಯೂಟರಿನ ಜೊತೆ ತಾಳೆ ನೋಡಿ. ಸ್ಟೀಮ್‌ನಲ್ಲಿ ಕೊಂಡು ಹದಿನಾಲ್ಕು ದಿನದೊಳಗೆ, ಆಡಿದ್ದು ಎರಡು ಗಂಟೆ ಮೀರದಿದ್ದರೆ, ಕಾರಣ ಏನೇ ಇದ್ದರೂ ದುಡ್ಡು ವಾಪಸ್ ಕೊಡುತ್ತಾರೆ. ಮೊದಲ ರಾತ್ರಿ ಗಡಿಯಾರದ ಮೇಲೆ ಒಂದು ಕಣ್ಣಿಟ್ಟು ಆಡಿ.